ನಾಲ್ಕನೆಯ ಬೀದಿಗೆ ಹನ್ನೆರಡು ಅರಳಿ

ಹೆಣ್ಣು ನೋಡಲು ಹೋದವರು ಮುಖ ನೋಡುತ್ತಾರೆ, ಮರ ಆರಿಸುವವನು ಬೇರು ನೋಡಬೇಕು ಎಂದು ಕಾಂತಪ್ಪನವರು ಹೇಳುತ್ತಿದ್ದರು. ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ‘ಹೆಣ್ಣಿಗೆ ಬೇರು ಇರೂದಿಲ್ಲೇನ್ರಿ? ಎಲ್ಲಿಂದರ ಕಿತ್ತು ಎಲ್ಲಿಯರ ನಡಬಹುದೇನು?’ ಎಂದು ನಾನು ಜಗಳಕ್ಕೆ ನಿಂತರೆ, ಅವರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸುತ್ತಾ, ‘ಸುಮಿತ್ರಮ್ಮನೋರೆ, ಧಾರವಾಡದಿಂದ ಕಿತ್ತು ತಂದು ಇಲ್ಲಿ ನೆಟ್ಟವ್ರೆ ನಿಮ್ಮನ್ನ, ಚೆನ್ನಾಗೇ ಹತ್ಕೊಂಡಿದೀರಲ್ಲ’ ಎನ್ನುತ್ತಿದ್ದರು. ಅವರ ಬಾಯಿಗೆ ಬೀಗ ಹಾಕುವುದು ನನ್ನಿಂದ ಆಗಲಿಲ್ಲ.

ಅವರು ಗುಬ್ಬಿ ತಾಲ್ಲೂಕಿನವರು. ಇಪ್ಪತ್ತರ ವಯಸ್ಸಿನಲ್ಲಿ ಮದರಾಸಿಗೆ ಬಂದು, ಎಂಜಿನ್ ತಯಾರಿಸುವ ಕಾರ್ಖಾನೆಯೊಂದರಲ್ಲಿ ಡ್ರಾಫ್ಟ್ಸ್‌ಮನ್ ಆಗಿ ಮೂವತ್ತೆಂಟು ವರ್ಷ ಗೆರೆ ಎಳೆದರು. ತೊಂಬತ್ತೇಳರಲ್ಲಿ ನಿವೃತ್ತರಾದ ಮೇಲೆ ಮಾಧವರಂ ಡೈರಿಯ ಆಚೆ, ನಮ್ಮ ಕಾಲೊನಿಯಲ್ಲಿ ಮನೆ ಕಟ್ಟಿಸಿದರು. ಹೆಂಡತಿ ಮೊದಲೇ ತೀರಿಹೋಗಿದ್ದರು. ಮಗ ಸೊಸೆ ಇಬ್ಬರೂ ಬೆಳಕು ಹರಿಯುವ ಮುಂಚೆ ಪೆರುಂಗುಡಿಯ ಆಫೀಸು ಬಸ್ಸು ಹಿಡಿಯುವವರು. ಮೊಮ್ಮಗಳು ಪಾವನಾಳನ್ನು ತಲೆ ಬಾಚಿ ಶಾಲೆಗೆ ಕಳಿಸಿದ್ದು, ಜ್ವರ ಬಂದರೆ ಪಕ್ಕದಲ್ಲಿ ಕೂತದ್ದು ಎಲ್ಲ ಈ ಮುದುಕರೇ. ತಮಿಳನ್ನು ಅಲ್ಲಿಯವರಷ್ಟೇ ಸಲೀಸಾಗಿ ಆಡುತ್ತಿದ್ದರು. ಓದಲು ಬರೆಯಲು ಮಾತ್ರ ಒಂದಕ್ಷರ ಬಾರದು. ನಲವತ್ತು ವರ್ಷ ಆ ಊರಿನಲ್ಲಿದ್ದೂ ಬಸ್ಸನ್ನು ನಂಬರಿನಿಂದಲೇ ಗುರುತಿಸುತ್ತಿದ್ದರು. ನಾನು ಅಲ್ಲಿನ ಒಂದು ಕನ್ನಡ ಶಾಲೆಯಲ್ಲಿ ಇಪ್ಪತ್ತನಾಲ್ಕು ವರ್ಷ ಕನ್ನಡ ಕಲಿಸಿದವಳು, ಎರಡು ಮನೆಯಾಚೆ ಇದ್ದವಳು. ಕಾಲೊನಿಯಲ್ಲಿ ಕನ್ನಡದ ಮನೆ ನಮ್ಮವು ಎರಡೇ.

ಅವರಿಗೊಂದು ಹುಚ್ಚಿತ್ತು. ಬಿರುಗಾಳಿ ಹೊಡೆದು ನಿಂತ ಮರುದಿನ, ಊರೆಲ್ಲ ಕರೆಂಟಿಲ್ಲ ನೀರಿಲ್ಲ ಎಂದು ಬಾಯಿ ಬಡಿದುಕೊಳ್ಳುವಾಗ, ಇವರು ಸೈಕಲ್ ಹತ್ತಿ ಬಿದ್ದ ಮರಗಳನ್ನು ಎಣಿಸಲು ಹೋಗುತ್ತಿದ್ದರು. ತೊಂಬತ್ತನಾಲ್ಕರ ಗಾಳಿಯಲ್ಲಿ ಯಾವ ರಸ್ತೆಯಲ್ಲಿ ಎಷ್ಟು ಗುಲ್ಮೊಹರ್ ಉರುಳಿತು, ಬೇವು ಎಷ್ಟು, ಬಿದ್ದದ್ದು ಬೇರು ಸಮೇತವೋ ನಡು ಮುರಿದೋ, ಎಲ್ಲವೂ ಅವರ ನೋಟುಬುಕ್ಕಿನಲ್ಲಿತ್ತು. ಸತ್ತವರ ಮನೆಗೆ ಹೋಗಿ ಯಾವ ರೋಗ ಎಂದು ಕೇಳಿದ ಹಾಗೆ ಕಾಣುತ್ತಿತ್ತು ನನಗೆ. ಆದರೆ ಆ ಪುಸ್ತಕದಲ್ಲಿ ಸತ್ಯ ಇತ್ತು. ತೊಂಬತ್ತೆಂಟರಲ್ಲಿ ನಮ್ಮ ಕಾಲೊನಿ ಸಂಘದವರು ನಾಲ್ಕೂ ಬೀದಿಗೆ ಗುಲ್ಮೊಹರ್ ನೆಡಲು ಹೊರಟಾಗ ಕಾಂತಪ್ಪನವರು ಪುಸ್ತಕ ಹಿಡಿದು ಸಭೆಗೆ ಹೋಗಿ ಬೇಡವೆಂದು ಬೇಡಿಕೊಂಡರು. ಕಾರ್ಯದರ್ಶಿ ರಾಮದಾಸ್ ತಮಿಳಿನವರು, ಮಾತಿನಲ್ಲಿ ಜೋರು. ‘ಹೂವು ಕೆಂಪಗೆ ಎಷ್ಟು ಚೆಂದ ಸಾರ್, ನೀವು ಬೀಳುವುದನ್ನೇ ಯೋಚಿಸುತ್ತೀರಿ’ ಎಂದು ನಕ್ಕರು. ಎರಡು ಸಾವಿರದ ಐದರ ಡಿಸೆಂಬರಿನ ಮಳೆಗೆ ಅವು ಸಾಲಾಗಿ ಮಲಗಿದವು. ಒಂದು ರಾಮದಾಸರ ಹೊಸ ಕಾರಿನ ಮೇಲೇ ಮಲಗಿತು. ನಗಬಾರದು, ನಾನು ನಕ್ಕೆ.

ಹಾಗಾಗಿ ಮುಂದಿನ ವರ್ಷ ಮರ ಆರಿಸುವ ಕೆಲಸ ಕಾಂತಪ್ಪನವರ ಕೈಗೆ ಬಂತು. ಅರವತ್ತೇಳರ ಮುದುಕ ಹುಡುಗನಾಗಿಬಿಟ್ಟರು. ಟೇಪು ಹಿಡಿದು ಗೋಡೆಯಿಂದ ರಸ್ತೆಗೆ ಎಷ್ಟು, ಕರೆಂಟಿನ ತಂತಿ ಎಷ್ಟು ಎತ್ತರ, ನೀರಿನ ಪೈಪು ಎಲ್ಲಿ ಹಾಯುತ್ತದೆ ಎಂದು ಅಳೆದರು. ದೊಡ್ಡ ಹಾಳೆಯಲ್ಲಿ ಕಾಲೊನಿಯ ನಕ್ಷೆ ಬರೆದು, ಒಂದೊಂದು ಗಿಡಕ್ಕೂ ಕಂಪಾಸಿನಿಂದ ಒಂದೊಂದು ಸುತ್ತು ಎಳೆದರು. ಮೊದಲ ಬೀದಿಗೆ ಹೊಂಗೆ, ಎರಡನೆಯದಕ್ಕೆ ಬೇವು, ಮೂರನೆಯದು ಕಿರಿದು, ಅದಕ್ಕೆ ಹೂವರಸಿ. ನಾಲ್ಕನೆಯ ಬೀದಿಯ ಒಂದೇ ಬದಿಗೆ ಮನೆಗಳು, ಇನ್ನೊಂದು ಬದಿ ಹಳೆಯ ಕೆರೆಯ ಏರಿ. ಅಲ್ಲಿಗೆ ಏನು ಎಂದು ನಾನು ಕೇಳಿದೆ.

‘ಅರಳಿ,’ ಎಂದರು. ‘ಬೇರೆ ಕಡೆ ನೆಟ್ರೆ ಅರಳಿ ಬೇರು ಗೋಡೆ ಸೀಳ್ತದೆ. ಇಲ್ಲಿ ಸೀಳಕ್ಕೆ ಗೋಡೆನೇ ಇಲ್ವಲ್ಲಮ್ಮ. ಏರಿ ಭದ್ರವಾಗಿ ಹಿಡ್ಕೊತದೆ. ನಾವು ಹೋದ್ಮೇಲೂ ಇನ್ನೂರು ವರ್ಷ ಇರ್ತದೆ.’

ಗಿಡಗಳ ಪಟ್ಟಿಯನ್ನು ಅವರು ಕನ್ನಡದಲ್ಲಿ ಬರೆದರು. ನರ್ಸರಿಯವನಿಗೆ ತಮಿಳಿನಲ್ಲಿ ಬೇಕು. ಆ ಕೆಲಸ ಪಾವನಾಳದು. ಹದಿಮೂರರ ಹುಡುಗಿ, ಮನೆಯಲ್ಲಿ ಕನ್ನಡ ಕೇಳಿ ತಮಿಳಿನಲ್ಲಿ ಉತ್ತರ ಕೊಡುವವಳು. ಅವಳಿಗೆ ಕನ್ನಡ ಅಕ್ಷರ ಕಲಿಸಬೇಕೆಂದು ತಾತ ಎರಡು ವರ್ಷದಿಂದ ಹೆಣಗುತ್ತಿದ್ದರು, ನಾನೂ ಕೈ ಜೋಡಿಸಿದ್ದೆ. ಅವಳು ಒಂದೊಂದೇ ಅಕ್ಷರ ಕೂಡಿಸಿ ಓದುವಳು, ‘ಹೊಂಗೆನ್ನಾ ಎನ್ನ ತಾತಾ?’ ಎಂದು ಅರ್ಥ ಕೇಳುವಳು, ಅವರು ‘ಪುಂಗಮರಂ ಕಣೆ’ ಎನ್ನುವರು, ಅವಳು ಬರೆಯುವಳು. ಬೇವಿಗೂ ಹೂವರಸಿಗೂ ಹೀಗೇ ಆಯಿತು. ಕಡೆಯ ಸಾಲಿಗೆ ಬಂದಾಗ ಅವಳು ಏನನ್ನೂ ಕೇಳಲಿಲ್ಲ. ಓದಿದಳು, ಬರೆದಳು, ಪೆನ್ನು ಮುಚ್ಚಿದಳು. ‘ಕೊನೇದ್ನ ಕೇಳ್ದೇನೆ ಬರೆದ್ಲು ಕಣ್ರೀ ನನ್ ಮೊಮ್ಮಗಳು!’ ಎಂದು ಕಾಂತಪ್ಪನವರು ಸಂಜೆ ನನ್ನ ಮನೆಗೇ ಬಂದು ಹೇಳಿದರು. ಅವರ ಮುಖದಲ್ಲಿದ್ದ ಹಿಗ್ಗು ನೋಡಿ ನನಗೂ ಸಂತೋಷವಾಯಿತು.

ಅವಳು ಕೇಳದೆ ಇದ್ದುದಕ್ಕೆ ಕಾರಣ ಬೇರೆ. ತಮಿಳಿನಲ್ಲಿ ಅರಳಿ ಎಂಬ ಮಾತು ಇದೆ. ನಮ್ಮ ಅರಳಿ ಮರಕ್ಕೆ ಅವರು ಅರಸಮರ ಎನ್ನುತ್ತಾರೆ. ಅವರ ಅರಳಿ ಎಂದರೆ ನಮ್ಮ ಕಣಗಿಲೆ.

ಆ ಪಟ್ಟಿ ನನ್ನ ಕೈಯಿಂದಲೇ ರಾಮದಾಸರ ಕೈಗೆ ಹೋಯಿತು. ನನಗೆ ತಮಿಳು ಓದಲು ಬರುತ್ತದೆ. ಮಡಿಸಿದ ಹಾಳೆಯನ್ನು ಬಿಚ್ಚಿ ನೋಡುವಷ್ಟು ಪುರುಸೊತ್ತು ನನಗಿರಲಿಲ್ಲ. ನರ್ಸರಿಯವನು ಫೋನು ಮಾಡಿ ‘ಅರಳಿ ಯಾವುದು ಸಾರ್, ಸಿಗಪ್ಪಾ ಮಂಜಳಾ?’, ಕೆಂಪೋ ಹಳದಿಯೋ ಎಂದು ಕೇಳಿದನಂತೆ. ರಾಮದಾಸರಿಗೆ ಕೆಂಪು ಸಾಕಾಗಿತ್ತು, ಹಳದಿ ಎಂದರು.

ಅದೇ ವರ್ಷ ಮದರಾಸಿನಲ್ಲಿ ಚಿಕುನ್‌ಗುನ್ಯ ಮನೆಮನೆಗೂ ನುಗ್ಗಿದ್ದು. ಗಿಡ ನೆಡುವ ವಾರ ಕಾಂತಪ್ಪನವರು ಹಾಸಿಗೆಯಲ್ಲಿ ಕೈಕಾಲು ಮಡಿಸಲಾಗದೆ ನರಳುತ್ತಿದ್ದರು, ನಾನೂ ನರಳುತ್ತಿದ್ದೆ. ಸಂಘದವರು ಸಮಾರಂಭ ಮಾಡಿ ಗಿಡ ನೆಟ್ಟರು. ಪಟ್ಟಿ ಬರೆದ ಹುಡುಗಿಯೆಂದು ಪಾವನಾಳನ್ನು ವೇದಿಕೆಗೆ ಕರೆದು ಬಹುಮಾನವೆಂದು ಒಂದು ಕಪ್ಪು ಕೊಟ್ಟು ಚಪ್ಪಾಳೆ ತಟ್ಟಿದರು. ತಿಂಗಳಾದ ಮೇಲೆ ಕಾಂತಪ್ಪನವರು ಕೋಲೂರಿಕೊಂಡು ನಾಲ್ಕನೆಯ ಬೀದಿಗೆ ಹೋದರು. ಅಲ್ಲಿಂದ ನೇರ ನನ್ನ ಮನೆಗೆ ಬಂದು ಜಗಲಿಯ ಮೇಲೆ ಕೂತುಬಿಟ್ಟರು.

‘ಅಲ್ಲಿರೋದು ಕಣಗಿಲೆ, ಸುಮಿತ್ರಮ್ಮ. ಹನ್ನೆರಡೂ ಕಣಗಿಲೆ. ಮಗು ಅರಳಿ ಅಂತ ಓದಿ ಅರಳಿ ಅಂತಾನೇ ಬರ್ದೈತೆ.’

ನನಗೆ ಮೊದಲು ನಗು ಬಂತು. ಅವರು ನಗಲಿಲ್ಲ. ‘ಹಳದಿ ಕಣಗಿಲೆ ಕಾಯಿ ವಿಷ. ಮಕ್ಕಳು ಓಡಾಡೋ ಬೀದಿ. ಕೀಳಿಸ್ಬೇಕು,’ ಎಂದರು.

ಆಗ ನಾನು ಆಡಿದ ಮಾತನ್ನು ಇಲ್ಲಿ ಮುಚ್ಚಿಡುವುದಿಲ್ಲ. ‘ಬಿಡ್ರಿ ಕಾಂತಪ್ಪನವರ. ಶಿವನ ಪೂಜಾಕ್ಕ ದಿನಾ ಹೂವು ಆಗ್ತಾವ. ಕೀಳಿಸಬೇಕಂದ್ರ ಯಾಕಂತ ಹೇಳಬೇಕಾಗ್ತದ. ಊರ ಮುಂದ ಕಪ್ಪು ಇಸಗೊಂಡ ಹುಡುಗಿ, ನಾಳೆ ಇಡೀ ಕಾಲೊನಿ ಆಡಿಕೊಂಡು ನಗ್ತದ. ಇನ್ನ ಆಕಿ ಕನ್ನಡದ ಪುಸ್ತಕ ಮುಟ್ಟತಾಳೇನು?’ ಎಂದೆ. ಅವರು ತಮ್ಮ ಊದಿದ ಬೆರಳುಗಳನ್ನು ನೋಡಿಕೊಂಡು, ‘ಅದೂ ನಿಜಾನೇ’ ಎಂದು ಎದ್ದು ಹೋದರು. ನನ್ನ ಪೂಜೆಗೆ ಹೂವು ಬೇಕಾಗಿತ್ತು. ಉಳಿದದ್ದೆಲ್ಲ ಅದಕ್ಕೆ ಹಚ್ಚಿದ ಬಣ್ಣ.

ಅವರು ಸುಮ್ಮನಿರಲಿಲ್ಲ. ಗಿಡಗಳು ಕಾಯಿ ಬಿಡಲು ಶುರು ಮಾಡಿದ ಮೇಲೆ ಪ್ರತಿ ಭಾನುವಾರ ಬೆಳಿಗ್ಗೆ ಚೀಲ ಹಿಡಿದು ಹೋಗಿ ಹನ್ನೆರಡು ಗಿಡದ ಕಾಯಿಯನ್ನೂ ಕಿತ್ತು, ನೆಲಕ್ಕೆ ಬಿದ್ದದ್ದನ್ನು ಆರಿಸಿ, ಹಿತ್ತಲಲ್ಲಿ ಗುಂಡಿ ತೋಡಿ ಹೂಳುತ್ತಿದ್ದರು. ನಾನು ಬೆಳಗಾದರೆ ಹೂವು ಕೀಳುವವಳು, ಅವರು ವಾರಕ್ಕೊಮ್ಮೆ ಕಾಯಿ ಕೀಳುವವರು. ಒಮ್ಮೆ ರಾಮದಾಸರ ಹತ್ತಿರ ಆ ಗಿಡ ತೆಗೆಸೋಣವೇ ಎಂದು ಮೆಲ್ಲಗೆ ಕೇಳಿದರಂತೆ. ‘ನೀವೇ ಆರಿಸಿದ್ದಲ್ಲವಾ ಸಾರ್? ಎಷ್ಟು ಚೆನ್ನಾಗಿ ಬಂದಿದೆ!’ ಎಂದರಂತೆ ಅವರು. ಇದಕ್ಕೆ ಇವರಲ್ಲಿದ್ದ ಒಂದೇ ಉತ್ತರದಲ್ಲಿ ಪಾವನಾಳ ಹೆಸರಿತ್ತು.

ಎರಡು ವರ್ಷ ಹೀಗೆ ನಡೆಯಿತು. ಎರಡು ಸಾವಿರದ ಒಂಬತ್ತರ ಬೇಸಿಗೆಯಲ್ಲಿ ಅವರ ಕಣ್ಣಿನ ಪೊರೆ ತೆಗೆದರು. ಒಂದು ತಿಂಗಳು ಬಗ್ಗಬಾರದು, ಧೂಳಿಗೆ ಹೋಗಬಾರದು ಎಂದು ಡಾಕ್ಟರು ಹೇಳಿದ್ದರು. ಹಸಿರು ಬಟ್ಟೆ ಕಟ್ಟಿದ ಕಣ್ಣಿನಲ್ಲೇ ನನ್ನ ಮನೆಗೆ ಬಂದು, ‘ಒಂದ್ ನಾಕ್ ಭಾನುವಾರ ಕಾಯಿ ನೀವು ಕಿತ್ತುಬಿಡಿ ತಾಯಿ’ ಎಂದು ಚೀಲ ಕೊಟ್ಟು ಹೋದರು. ಮೊದಲನೆಯ ಭಾನುವಾರ ಕಿತ್ತೆ. ಎರಡನೆಯದೂ ಕಿತ್ತೆ. ಮೂರನೆಯ ಭಾನುವಾರ ನಮ್ಮ ಕನ್ನಡ ಸಂಘದ ಊಟವಿತ್ತು, ತರಕಾರಿಗೆಂದು ನಸುಕಿನಲ್ಲೇ ಕೋಯಂಬೇಡಿಗೆ ಹೋದೆ. ಬಂದ ಮೇಲೆ ಕೀಳೋಣ ಎಂದುಕೊಂಡೆ. ಬಂದ ಮೇಲೆ ಕಾಲು ನೋಯುತ್ತಿತ್ತು. ಸೋಮವಾರ ಮಾಡಿದರಾಯಿತು ಎಂದುಕೊಂಡೆ. ಸೋಮವಾರ ಮರೆತೆ.

ನಾಲ್ಕನೆಯ ಬೀದಿಯಲ್ಲಿ ಅಂಜಲೈ ಎಂಬಾಕೆ ತಳ್ಳುಗಾಡಿ ಇಟ್ಟುಕೊಂಡು ಕಾಲೊನಿಯ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಇದ್ದಷ್ಟು ನೆರಳು ಸಿಗಲೆಂದು ಗಾಡಿಯನ್ನು ಕಣಗಿಲೆಯ ಸಾಲಿಗೇ ಒತ್ತಿ ನಿಲ್ಲಿಸುತ್ತಿದ್ದಳು. ಅವಳಿಗೊಬ್ಬಳೇ ಮಗಳು ಕೋಕಿಲಾ, ಐದು ವರ್ಷ. ಗಾಡಿಯ ಕೆಳಗೆ ಗೋಣಿಚೀಲ ಹಾಸಿಕೊಂಡು, ಬಿದ್ದ ಹೂವು ಕಾಯಿ ಜೋಡಿಸಿ ಅಂಗಡಿ ಆಟ ಆಡುವ ಮಗು. ಮಂಗಳವಾರ ಮಧ್ಯಾಹ್ನ ಅದಕ್ಕೆ ವಾಂತಿ ಶುರುವಾಯಿತು. ಬಿಸಿಲಿಗೆ ಎಂದು ತಾಯಿ ಮಜ್ಜಿಗೆ ಕುಡಿಸಿದಳು. ಸಂಜೆಗೆ ಆಟೋದಲ್ಲಿ ಸರಕಾರಿ ಆಸ್ಪತ್ರೆಗೆ ಒಯ್ದರು. ಬುಧವಾರ ಬೆಳಿಗ್ಗೆ ಮಗುವಿನ ಜೀವ ಹೋಯಿತು. ಅವಳ ಗೋಣಿಚೀಲದ ಮೇಲೆ ಕಲ್ಲಿನಿಂದ ಜಜ್ಜಿ ಒಡೆದ ಕಾಯಿ ಇನ್ನೂ ಇದ್ದವು.

ಪೊಲೀಸರು ಬಂದು ಬರೆದುಕೊಂಡು ಹೋದರು. ಶುಕ್ರವಾರ ಸಂಜೆ ಸಂಘದ ಹಾಲಿನಲ್ಲಿ ಸಭೆ. ಅಂಜಲೈ ತನ್ನ ಅಣ್ಣಂದಿರ ಜೊತೆ ಬಂದು ಬಾಗಿಲ ಹತ್ತಿರ ನೆಲದ ಮೇಲೆ ಕೂತಳು. ಕುರ್ಚಿ ಕೊಟ್ಟರೆ ಏಳಲಿಲ್ಲ. ಅಣ್ಣಂದಿರು ಕೂಗಾಡಿದರು, ಅವಳು ಮಾತ್ರ ಒಂದೇ ಪ್ರಶ್ನೆ ಕೇಳಿದಳು. ‘ಇಂದ ಚೆಡಿಯೆ ಯಾರ್ ವೆಕ್ಕ ಸೊನ್ನದು?’ ಈ ಗಿಡ ನೆಡಲು ಹೇಳಿದ್ದು ಯಾರು?

ರಾಮದಾಸ್ ಫೈಲು ಬಿಚ್ಚಿದರು. ಅದರಲ್ಲಿ ತಮಿಳು ಪಟ್ಟಿ ಇತ್ತು, ಹುಡುಗಿಯ ಗುಂಡು ಅಕ್ಷರ. ಅವರು ಓದಲು ಬಾಯಿ ತೆರೆಯುವಷ್ಟರಲ್ಲಿ ಕಾಂತಪ್ಪನವರು ಎದ್ದು ನಿಂತರು. ಕಣ್ಣಿಗೆ ಕಪ್ಪು ಕನ್ನಡಕ, ಕೈಯಲ್ಲಿ ಕೋಲು.

‘ನಾನ್ ದಾನ್ ಮಾ,’ ಎಂದರು. ನಾನೇ ಅಮ್ಮಾ. ಆಮೇಲೆ ತಮಿಳಿನಲ್ಲೇ ನಿಧಾನವಾಗಿ ಹೇಳಿದರು: ಅರಳಿ ಎಂದು ಆರಿಸಿದ್ದು ನಾನು. ಮಗು ನಾನು ಹೇಳಿದ್ದನ್ನು ಬರೆಯಿತು, ಅಷ್ಟೆ. ಕಾಯಿ ವಿಷವೆಂದು ನನಗೆ ಗೊತ್ತಿತ್ತು. ಭಾನುವಾರ ಕೀಳಬೇಕಿತ್ತು, ಕೀಳಲಿಲ್ಲ.

ಕೀಳದೆ ಇದ್ದವಳು ನಾನು, ಎರಡನೆಯ ಸಾಲಿನಲ್ಲಿ ಕೂತಿದ್ದೆ. ಏಳಬೇಕು ಎಂದುಕೊಂಡೆ. ಏಳಲಿಲ್ಲ. ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅಂಜಲೈಯ ಅಣ್ಣ ಒಬ್ಬ ಬಂದು ಅವರ ಅಂಗಿ ಹಿಡಿದ, ಅವಳೇ ಬಿಡಿಸಿದಳು. ಮರುದಿನ ಹನ್ನೆರಡು ಗಿಡವನ್ನೂ ಬುಡಸಮೇತ ಕಿತ್ತು ಸಾಗಿಸಿದರು. ಇಸ್ತ್ರಿಗೆ ಕೊಟ್ಟಿದ್ದ ಕಾಂತಪ್ಪನವರ ಎರಡು ಅಂಗಿ ಮುದ್ದೆಯಾಗಿಯೇ ಅವರ ಬಾಗಿಲ ಮುಂದೆ ಬಿದ್ದಿದ್ದವು. ಅಂಜಲೈಯ ಗಾಡಿ ಮತ್ತೆ ನಮ್ಮ ಕಾಲೊನಿಗೆ ಬರಲಿಲ್ಲ.

ಸಭೆ ಮುಗಿದ ರಾತ್ರಿ ಪಾವನಾ ಅವರನ್ನು ಕೇಳಿದಳಂತೆ: ‘ವಿಷಾಂತ ಗೊತ್ತಿದ್ದೂ ನೆಡೋಕೆ ಹೇಳಿದ್ಯಾ ತಾತಾ?’ ಅವಳು ಕನ್ನಡದಲ್ಲಿ ಕೇಳಿದ್ದು ಅದೇ ಅಪರೂಪ. ‘ಹೂಂ ಕಣವ್ವ, ಗೊತ್ತಿತ್ತು’ ಎಂದರಂತೆ ಇವರು. ಅವತ್ತಿನಿಂದ ಹದಿನಾರರ ಹುಡುಗಿ ತಾತನ ಹತ್ತಿರ ಮಾತು ಬಿಟ್ಟಳು. ಅವರು ತಟ್ಟೆ ಇಟ್ಟರೆ ಎದ್ದು ಹೋಗುವಳು. ಕೋಣೆಯ ಬಾಗಿಲು ಹಾಕಿಕೊಂಡರೆ ಗಂಟೆಗಟ್ಟಲೆ ತೆಗೆಯಳು. ಮೂರು ತಿಂಗಳಲ್ಲಿ ಕಾಂತಪ್ಪನವರು ಅರ್ಧವಾದರು. ನಾನು ಒಂದು ದಿನ ತಡೆಯಲಾರದೆ ಹೇಳಿದೆ: ‘ನಾ ಹೋಗಿ ಆಕಿಗೆ ಇದ್ದದ್ದ ಇದ್ದಾಂಗ ಹೇಳ್ತೇನ್ರಿ. ನಿಮ್ಮದೇನೂ ತಪ್ಪಿಲ್ಲ. ಕಾಯಿ ಕೀಳದಿದ್ದಾಕಿ ನಾನು.’

ಅವರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ‘ನಿಮ್ಮದೂ ನಂದೂ ಮುಗಿದ ಬಾಳು. ಆ ಮಗೀಗೆ ಇನ್ನೂ ಅರವತ್ತು ವರ್ಷ ಐತೆ. ತನ್ನ ಕೈಯಕ್ಷರದಿಂದ ಒಂದು ಕೂಸು ಸತ್ತಿತು ಅಂತ ಅರವತ್ತು ವರ್ಷ ಹೊತ್ಕೊಂಡಿರ್ಬೇಕಾ? ಲಿಂಗ ಮುಟ್ಟಿ ಆಣೆ ಇಡಿ, ಹೇಳಲ್ಲ ಅಂತ.’ ನಾನು ಕೊರಳಿನ ಲಿಂಗ ಮುಟ್ಟಿ ಆಣೆ ಇಟ್ಟೆ. ಹದಿನೈದು ದಿನ ಕಳೆದಿರಲಿಲ್ಲ, ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ.

ಊರಿಂದ ಅವರ ತಮ್ಮ ಗುಂಡಣ್ಣನವರು ಬಂದರು. ವಿಭೂತಿ ಹಚ್ಚಿ ಕೂರಿಸಿದ ಅಣ್ಣನ ಮುಂದೆ ಕೂತು ಹಾಡಿಕೊಂಡು ಅತ್ತರು. ‘ನಮ್ಮೂರ ಅರಳಿಕಟ್ಟೆ ಮ್ಯಾಲೆ ಕುಂತು ಸ್ಲೇಟಲ್ಲಿ ಗೆರೆ ಎಳಿತಿದ್ದೆಯಲ್ಲೋ ಅಣ್ಣಾ, ಆ ಅರಳಿ ನೆರಳು ಬಿಟ್ಟು ಈ ಬಿಸಿಲಿಗೆ ಯಾಕ್ ಬಂದ್ಯೋ’ ಎಂದು. ಬಾಗಿಲಿಗೆ ಒರಗಿ ನಿಂತಿದ್ದ ಪಾವನಾ ತಲೆ ಎತ್ತಿದ್ದನ್ನು ನಾನು ನೋಡಿದೆ.

ಮಣ್ಣು ಮಾಡಿ ಬಂದ ಸಂಜೆ ಅವಳು ನನ್ನ ಅಡುಗೆಮನೆಗೆ ಬಂದಳು. ಕಣ್ಣು ಕೆಂಪಗಿತ್ತು. ‘ಆಂಟಿ, ಅರಳಿಕಟ್ಟೆನ್ನಾ ಎನ್ನ? ಅರಳಿ ಸಣ್ಣ ಗಿಡ ಅಲ್ವಾ? ಅದರ ನೆರಳಲ್ಲಿ ಹೇಗೆ ಕೂತ್ಕೊಳ್ಳೋದು?’ ಎಂದು ಕೇಳಿದಳು. ‘ಕನ್ನಡದಲ್ಲಿ ಅರಳಿ ಬೇರೇನಾ?’

ಇಪ್ಪತ್ತನಾಲ್ಕು ವರ್ಷ ಮಕ್ಕಳಿಗೆ ಪದಗಳ ಅರ್ಥ ಹೇಳಿಕೊಟ್ಟವಳು ನಾನು. ಒಲೆಯ ಕಡೆ ತಿರುಗಿ ನಿಂತು ಹೇಳಿದೆ: ‘ಬ್ಯಾರೆ ಏನೂ ಅಲ್ಲವ್ವಾ. ಕಟ್ಟಿ ಸುತ್ತ ಕಣಗಿಲಿ ಸಾಲು ಇರ್ತಾವ ಅವರ ಊರಾಗ, ಅದಕ್ಕ ಹಂಗಂತಾರ. ನೆರಳು ಬ್ಯಾರೆ ಮರದ್ದು. ಅರಳಿ ಅಂದ್ರ ಅದೇ. ನೀ ಬರೆದದ್ದು ಬರೋಬ್ಬರಿ ಇತ್ತು.’

ಅವಳು ನೆಲಕ್ಕೆ ಕುಸಿದು ಕೂತಳು. ಮುಖ ಮುಚ್ಚಿಕೊಂಡು ಬಿಕ್ಕಿಬಿಕ್ಕಿ ಅತ್ತಳು, ಅಳುವಿನ ನಡುವೆ ತಮಿಳಿನಲ್ಲಿ ಹೇಳಿದಳು: ನಾನೇ ತಪ್ಪು ಬರೆದೆನೇನೋ ಎಂದು ಮೂರು ತಿಂಗಳಿಂದ ನನಗೆ ನಿದ್ದೆ ಇಲ್ಲ. ಕೇಳಲು ಹೆದರಿಕೆ, ಅದಕ್ಕೇ ತಾತನ ಮುಖ ನೋಡುತ್ತಿರಲಿಲ್ಲ. ಸಿಟ್ಟಿತ್ತೆಂದು ತಿಳಿದಿದ್ದೀರಾ ಆಂಟಿ? ನನಗೆ ಸಿಟ್ಟೇ ಇರಲಿಲ್ಲ.

ಆಣೆ ಇಟ್ಟಿದ್ದೆನೆಂದು ಅರಳಿಯ ನಿಜ ಹೇಳಲಿಲ್ಲ. ಕೀಳದೆ ಬಿಟ್ಟ ಕಾಯಿಯ ಮಾತನ್ನೂ ಹೇಳಲಿಲ್ಲ, ಅದನ್ನು ಮುಚ್ಚಿಡು ಎಂದು ನನಗೆ ಯಾರೂ ಆಣೆ ಹಾಕಿರಲಿಲ್ಲ. ಅವಳು ಮುಖ ತೊಳೆದುಕೊಂಡು ಎದ್ದಳು. ಆ ರಾತ್ರಿ ಎಷ್ಟೋ ದಿನದ ಮೇಲೆ ಚೆನ್ನಾಗಿ ನಿದ್ದೆ ಮಾಡಿದಳೆಂದು ಅವಳ ತಾಯಿ ಹೇಳಿದರು.

ಮೂರನೆಯ ದಿನ ಸಮಾಧಿಗೆ ಹಾಲು ತುಪ್ಪ ಬಿಡಲು ಎಲ್ಲರೂ ಹೊರಟೆವು. ಗುಂಡಣ್ಣನವರು ಎಷ್ಟು ಕರೆದರೂ ಪಾವನಾ ಬರಲಿಲ್ಲ. ‘ಗೊತ್ತಿದ್ದೂ ನೆಟ್ಟರು, ಆ ಪಾಪು ಸತ್ತುಹೋಯಿತು. ನಾನು ಬರಲ್ಲ’ ಎಂದಳು. ಈ ಸಲ ಅವಳಿಗೆ ನಿಜವಾಗಿಯೂ ಸಿಟ್ಟಿತ್ತು.